ನಿಕರಾಗುವಾ ಸಿಗಾರ್ ತಗೋಬೇಕು ಅಂತಿದೀರಾ? ಐದು ಹೆಸರು, ಯಾರಿಗೆ ಯಾವ್ದು ಸರಿ

ಡ್ಯೂಟಿ ಫ್ರೀ ಅಂಗಡೀಲಿ ಗಾಜಿನ ಬಾಗಿಲ ಹಿಂದೆ ಸಾಲಾಗಿ ಇಟ್ಟಿರೋ ಡಬ್ಬಗಳ ಫೋಟೋ ತೆಗ್ದು ವಾಟ್ಸಾಪಲ್ಲಿ ಕಳ್ಸಿ, "ಗುರು ಬೇಗ ಹೇಳು, ಬೋರ್ಡಿಂಗ್ ಶುರು ಆಗ್ತಿದೆ, ಇದ್ರಲ್ಲಿ ಯಾವ್ದು ತಗೊಳ್ಲಿ" ಅಂತ ಕೇಳೋರು ಈಚೆಗೆ ಜಾಸ್ತಿ ಆಗಿದಾರೆ. ಇನ್ನು ನ್ಯೂಜೆರ್ಸಿ, ಟೆಕ್ಸಾಸ್ ಕಡೆ ಇರೋ ನಮ್ಮೋರ ಕಥೆ ಬೇರೆ, ಅಲ್ಲಿ ಕ್ಯೂಬಾ ಮಾಲು ಮಾರೋ ಹಾಗೇ ಇಲ್ಲ, ಅಂಗಡಿ ಒಳಗೆ ಹೋದ್ರೆ ಒಂದು ರೂಮ್ ಪೂರ್ತಿ ಸಿಗಾರ್, ಅದ್ರಲ್ಲಿ ದೊಡ್ಡ ಪಾಲು ಮಧ್ಯ ಅಮೆರಿಕದ ನಿಕರಾಗುವಾ ದೇಶದ್ದೇ. ನೋಡಿ ನೋಡಿ ತಲೆ ಕೆಟ್ಟು ಕೊನೆಗೆ ಇದ್ದಿದ್ರಲ್ಲಿ ದುಬಾರಿದು ಇಲ್ಲಾ ಬ್ಯಾಂಡ್ (ಸಿಗಾರಿಗೆ ಸುತ್ತಿರೋ ಕಾಗದದ ಪಟ್ಟಿ) ಚೆನ್ನಾಗಿರೋದು ಎತ್ಕೊಂಡು ಬರ್ತಾರೆ, ಖಾಲಿ ಹೊಟ್ಟೇಲಿ ಹಚ್ತಾರೆ, ಅರ್ಧಕ್ಕೆ ಬರೋ ಹೊತ್ತಿಗೆ ಬೆವರು ಕಿತ್ಕೊಂಡು ಬಂದು ಬಿಸಾಕ್ತಾರೆ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ರೇಟಿಂಗು, ಬೆಲೆ, ಬ್ಯಾಂಡ್ ಮೇಲಿನ ಚಿನ್ನದ ಬಣ್ಣ ಇದೆಲ್ಲ ಆಮೇಲೆ. ಮೊದ್ಲು ನೋಡ್ಬೇಕಾಗಿರೋದು ಎರಡೇ, ಆ ಸಂಜೆ ನಿಮ್ಮ ಹತ್ರ ಎಷ್ಟು ಹೊತ್ತಿದೆ, ಹೊಟ್ಟೆಗೆ ಏನು ಬಿದ್ದಿದೆ. ಈ ಎರಡಕ್ಕೆ ಉತ್ರ ಸಿಕ್ಕಿದ್ರೆ ಅಂಗಡೀಲಿರೋ ಮುಕ್ಕಾಲು ಪಾಲು ತಾನಾಗೇ ಆಚೆ ಹೋಗುತ್ತೆ, ಉಳಿದಿದ್ರಲ್ಲಿ ರುಚಿ ನೋಡ್ಕೊಂಡು ಆರಿಸ್ಕೋಬಹುದು.

ಇನ್ನೊಂದು ಮಾತು. ಹೊಗೆ ಒಳಗೆ ಎಳ್ಕೊಳ್ಳಲ್ಲ ಅಂತ ಸಿಗಾರ್ ಸೇಫ್ ಆಗಲ್ಲ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ರಿಸ್ಕ್ ಇದ್ದೇ ಇದೆ, ದೊಡ್ಡ ಸಿಗಾರ್ ಒಂದ್ರಲ್ಲೇ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸೇದದೇ ಇರೋರು ಇದನ್ನ ಓದಿ ಶುರು ಮಾಡೋ ಅಗತ್ಯ ಖಂಡಿತ ಇಲ್ಲ. ಹೇಗಿದ್ರೂ ಅಪರೂಪಕ್ಕೆ ಒಂದು ಸೇದೋನೇ, ಅದು ಸರಿಯಾಗಿರೋದು ಆಗಿರ್ಲಿ ಅನ್ನೋರಿಗೆ ಮಾತ್ರ ಇದು.

ನಿಕರಾಗುವಾನೇ ಯಾಕೆ

1959ರ ಕ್ರಾಂತಿ ಆದ್ಮೇಲೆ ಕ್ಯೂಬಾ ಬಿಟ್ಟು ಬಂದ ತಂಬಾಕು ಮನೆತನಗಳು ಆ ಬೀಜ, ಆ ಕೈಕೆಲಸ ಎರಡನ್ನೂ ಹೊತ್ಕೊಂಡು ಬೇರೆ ಬೇರೆ ದೇಶ ಸೇರಿದ್ವು. ಅದ್ರಲ್ಲಿ ಕೆಲವ್ರಿಗೆ ನಿಕರಾಗುವಾದ ಉತ್ತರ ಭಾಗದ ಜ್ವಾಲಾಮುಖಿ ಮಣ್ಣು ಸರಿ ಹೋಯ್ತು. ಆಮೇಲೆ ಆ ದೇಶ ಪಟ್ಟಿದ್ದು ಒಂದೆರಡು ಕಷ್ಟ ಅಲ್ಲ, 1979ರ ಸ್ಯಾಂಡಿನಿಸ್ಟಾ ಕ್ರಾಂತಿ, ಅದರ ಬೆನ್ನಿಗೆ ಆ ಹೊಸ ಸರ್ಕಾರದ ವಿರುದ್ಧ ಕಾಂಟ್ರಾ ಬಂಡುಕೋರರ ಯುದ್ಧ, 1985ರಿಂದ 1990ರವರೆಗೆ ಅಮೆರಿಕದ ವ್ಯಾಪಾರ ನಿರ್ಬಂಧ. ಸಿಗಾರ್ ಉದ್ಯಮ ಸತ್ತೇ ಹೋಯ್ತು ಅನ್ನೋ ಸ್ಥಿತಿಯಿಂದ ಎದ್ದು ಬಂದು ಇವತ್ತು ಅಮೆರಿಕಕ್ಕೆ ಅತಿ ಹೆಚ್ಚು ಪ್ರೀಮಿಯಂ ಸಿಗಾರ್ ಕಳ್ಸೋ ದೇಶ ಅದೇ.

ಮಣ್ಣಿನ ವಿಷ್ಯ ಸ್ವಲ್ಪ ಗೊತ್ತಿದ್ರೆ ಆರಿಸೋಕೆ ಸುಲಭ. ಎಸ್ತೆಲಿ ಊರಿನ ಸುತ್ತ ಕಪ್ಪು ಮಣ್ಣು, ಅಲ್ಲಿಯ ಎಲೆ ದಪ್ಪ, ಖಾರ, ಕರಿಮೆಣಸಿನ ಘಾಟು, ನಿಕೋಟಿನ್ ಜಾಸ್ತಿ. ಹೊಂಡುರಾಸ್ ಗಡಿ ಹತ್ರ ಇರೋ ಹಲಾಪಾ ಕಣಿವೇಲಿ ಕೆಂಪು ಮಣ್ಣು, ಎಲೆ ತೆಳು, ನಯ, ಸಿಹಿ ಕಡೆಗೆ. ಕೊಂಡೆಗಾ ಇವೆರಡರ ಮಧ್ಯೆ ಬರುತ್ತೆ, ಊರೂ ಹಾಗೇ, ರುಚೀನೂ ಹಾಗೇ. ನಾಲ್ಕನೇದು ಒಮೆತೆಪೆ, ದೊಡ್ಡ ಸರೋವರದ ನಡುವೆ ಎರಡು ಜ್ವಾಲಾಮುಖಿ ಸೇರಿ ಆಗಿರೋ ದ್ವೀಪ, ಅಲ್ಲಿಯ ಎಲೇಲಿ ಒಂಥರಾ ಮಣ್ಣು, ಖನಿಜದ ವಾಸನೆ. ಡಬ್ಬದ ಮೇಲೆ "ಪ್ಯೂರೋ" ಅಂತ ಇದ್ರೆ ಒಳಗಿನ ಎಲೆಯಿಂದ ಮೇಲಿನ ಹೊದಿಕೆವರೆಗೆ ಎಲ್ಲಾ ಒಂದೇ ದೇಶದ್ದು.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ನೋಡಿರೋರಿಗೆ ಇಲ್ಲೊಂದು ವ್ಯತ್ಯಾಸ ಹೇಳ್ಬೇಕು. ನಮ್ಮದು ವರ್ಜೀನಿಯಾ, ಬ್ಯಾರನ್‌ನಲ್ಲಿ ಸೌದೆ ಉರಿಸಿ ಬಿಸಿ ಗಾಳೀಲಿ ಒಂದು ವಾರದ ಆಸುಪಾಸಲ್ಲಿ ಬೇಯಿಸಿ ತೆಗೀತಾರೆ, ಎಲೆ ಹಳದಿ ಆಗುತ್ತೆ, ಸಕ್ಕರೆ ಅಂಶ ಅದ್ರಲ್ಲೇ ಉಳಿಯುತ್ತೆ, ಎಲ್ಲಾ ಸಿಗರೇಟಿಗೆ. ಸಿಗಾರ್ ಎಲೆ ಹಾಗಲ್ಲ, ಗಾಳಿ ಆಡೋ ಮರದ ಕೊಟ್ಟಿಗೇಲಿ ತಿಂಗಳು ಒಂದೂವರೆ ತಿಂಗಳು ತೂಗಾಕ್ತಾರೆ, ಆಮೇಲೆ ಆಳೆತ್ತರ ರಾಶಿ ಹಾಕಿ ಒದ್ದೆ ಮಾಡಿ ಹುಳಿ ಬರಿಸ್ತಾರೆ. ರಾಶಿ ಒಳಗೇ ಕಾವು ಏರುತ್ತೆ, ಜಾಸ್ತಿ ಆದ್ರೆ ಕಿತ್ತು ಮಗುಚಿ ಮತ್ತೆ ಕಟ್ತಾರೆ, ಅಮೋನಿಯಾ ವಾಸನೆ ಹೋಗೋವರೆಗೆ ತಿಂಗಳುಗಟ್ಲೆ ಇದೇ ಕೆಲಸ. ಸಕ್ಕರೆ ಎಲ್ಲಾ ಹೋಗಿರೋದ್ರಿಂದ ಇದರ ಹೊಗೆ ಕ್ಷಾರದ ಕಡೆಗಿರುತ್ತೆ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತೆ. ಸಿಗರೇಟ್ ಸೇದೋರು ಅಭ್ಯಾಸಬಲದಿಂದ ಎದೆಗೆ ಎಳ್ಕೊಂಡು ಕೆಮ್ಮಿ ಕಣ್ಣೀರು ಹಾಕೋದು ಇದಕ್ಕೇನೆ. ಇದು ಬಾಯಿ ಮೂಗಿನ ಮಟ್ಟದಲ್ಲೇ ಮುಗೀಬೇಕು.

ಏನೇನು ನೋಡ್ಬೇಕು

ಮೊದ್ಲು ಸ್ಟ್ರೆಂತ್. ಇದು ನಿಕೋಟಿನ್ ಹೊಡೆತ, ರುಚಿ ಅಲ್ಲ. ಗಿಡದ ತುದೀಲಿ ಬಿಸಿಲು ಜಾಸ್ತಿ ತಿಂದಿರೋ ಎಲೆಗೆ ಲಿಹೆರೊ ಅಂತಾರೆ, ದಪ್ಪ ಇರುತ್ತೆ, ನಿಧಾನ ಉರಿಯುತ್ತೆ, ಸುತ್ತೋವಾಗ ಅದನ್ನ ನಟ್ಟನಡುವೆ ಇಡ್ತಾರೆ. ಅದು ಎಷ್ಟಿದೆ ಅನ್ನೋದ್ರ ಮೇಲೆ ತಲೆ ಸುತ್ತೋದು ಬಿಡೋದು ನಿಂತಿದೆ. ಕೆಳಗಿನ ಎಲೆಗಳು ಹಗುರ, ಸುವಾಸನೆಗೆ ಮತ್ತೆ ಚೆನ್ನಾಗಿ ಉರಿಯೋಕೆ.

ಎರಡನೇದು ರ‍್ಯಾಪರ್, ಅಂದ್ರೆ ಮೇಲಿನ ಹೊದಿಕೆ ಎಲೆ. ತುಟಿಗೆ ತಾಗೋದೇ ಅದು, ರುಚಿಯ ದೊಡ್ಡ ಪಾಲು ಅಲ್ಲಿಂದಾನೇ. ಇಲ್ಲಿ ಎಲ್ರೂ ಎಡವೋದು ಬಣ್ಣ ನೋಡಿ. ಕಪ್ಪಗಿದ್ರೆ ಸ್ಟ್ರಾಂಗು, ತಿಳಿ ಬಣ್ಣ ಇದ್ರೆ ಲೈಟು ಅಂದ್ಕೊಳ್ತಾರೆ. ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪಿದ್ರೂ ಖಾರ ಕಮ್ಮಿ ಅಂತ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ, ಮದುರೋ ರ‍್ಯಾಪರ್ ಕತೆನೂ ಅಷ್ಟೇ, ಜಾಸ್ತಿ ದಿನ ಜಾಸ್ತಿ ಕಾವಲ್ಲಿ ಹುಳಿ ಬರಿಸಿರೋದ್ರಿಂದ ಕಪ್ಪಾಗಿರುತ್ತೆ, ಸಿಹಿ, ಕೋಕೋ, ಒಣದ್ರಾಕ್ಷಿ ಥರ ರುಚಿ ಬರುತ್ತೆ, ಹೊಡೆತ ಒಳಗಿನ ಎಲೆ ಹೇಳಿದಷ್ಟೇ. ತಿಳಿ ಬಣ್ಣದ ಕನೆಕ್ಟಿಕಟ್ ರ‍್ಯಾಪರಲ್ಲಿ ಕೆನೆ, ಗೇರುಬೀಜ, ಒಣಹುಲ್ಲು. ಮಧ್ಯದ ಕಂದು ಬಣ್ಣದ ಹಬಾನೋದಲ್ಲಿ ಮಸಾಲೆ, ದೇವದಾರು.

ಮೂರನೇದು ಸೈಜ್, ಅಂದ್ರೆ ಹೊತ್ತು. ದಪ್ಪ ಹೇಳೋದು ಒಂದಿಂಚಿನ 64ನೇ ಭಾಗದ ಲೆಕ್ಕದಲ್ಲಿ, 50 ಅಂದ್ರೆ ಮುಕ್ಕಾಲು ಇಂಚಿಗಿಂತ ಒಂದು ಚೂರು ಜಾಸ್ತಿ. ಐದಿಂಚು ಉದ್ದ 50 ದಪ್ಪ ಇರೋ ರೊಬುಸ್ಟೊ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಆರಿಂಚಿನ ಟೋರೊ ಒಂದು ಕಾಲು ಗಂಟೆ ದಾಟುತ್ತೆ, ಏಳಿಂಚಿನ ಚರ್ಚಿಲ್ ಹಚ್ಚಿದ್ರೆ ಒಂದೂವರೆ ಗಂಟೆ ಎಲ್ಲೂ ಹೋಗೋ ಹಾಗಿಲ್ಲ. ಮನೇಲಿ ಊಟಕ್ಕೆ ಕರೀತಾರೆ ಅಂತ ಅರ್ಧಕ್ಕೆ ಆರಿಸಿ ಬೆಳಿಗ್ಗೆ ಮತ್ತೆ ಹಚ್ಚೋಣ ಅಂದ್ರೆ ಆಗಲ್ಲ, ತಣ್ಣಗಾದ ಸಿಗಾರ್ ಕಹಿ ಕಹಿ, ನಾತ. ಅದಕ್ಕೇ ದೊಡ್ಡದು ತಗೊಂಡ್ರೆ ಲಾಭ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಇನ್ನೊಂದು, ಸಿಗಾರ್ ತೆಳ್ಳಗಿದ್ದಷ್ಟೂ ರ‍್ಯಾಪರಿನ ರುಚಿ ಮುಂದೆ ಬರುತ್ತೆ, 60 ದಪ್ಪದ ಗುಂಡಪ್ಪನಲ್ಲಿ ಒಳಗಿನ ಎಲೆನೇ ಮಾತಾಡೋದು.

ನಾಲ್ಕನೇದು ದುಡ್ಡು, ಅದರ ಜೊತೆಗೇ ಭರವಸೆ. ಕೈಯಲ್ಲಿ ಸುತ್ತಿರೋ ಮಾಲು, ಹತ್ತರಲ್ಲಿ ಒಂದು ಬಿಗಿಯಾಗಿ ಎಳೆಯೋಕೇ ಬರದೆ ಇರಬಹುದು. ಡಬ್ಬ ಡಬ್ಬ ತಗೊಂಡ್ರೂ ಒಂದೇ ಥರ ಇರ್ಬೇಕು ಅಂದ್ರೆ ಆ ಭರವಸೆಗೇ ಅರ್ಧ ದುಡ್ಡು ಕೊಡ್ತೀರ. ಕೆಳಗೆ ಹೇಳೋ ಬೆಲೆ ಎಲ್ಲಾ ಅಮೆರಿಕದ ಅಂಗಡಿ ಲೆಕ್ಕದಲ್ಲಿ, ಅಂದಾಜು, ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ಟ್ಯಾಕ್ಸ್ ಬೇರೆ ಬೇರೆ. ಬೆಂಗಳೂರಲ್ಲಿ ಇದೇ ಮಾಲಿಗೆ ಸುಂಕ ಎಲ್ಲಾ ಸೇರಿ ಎದೆ ಝಲ್ ಅನ್ನೋ ರೇಟಿರುತ್ತೆ.

ಈಗ ಐದು ಹೆಸರು

ಪೆರ್ದೋಮೊ ಟೆಂತ್ ಆ್ಯನಿವರ್ಸರಿ ಶಾಂಪೇನ್. ಹೆಸರಲ್ಲಿ ಶಾಂಪೇನ್ ಇದ್ರೂ ಅದನ್ನೇನೂ ಹಾಕಿರಲ್ಲ. ಒಳಗೆ ನಿಕರಾಗುವಾ ಎಲೆ, ಮೇಲೆ ಈಕ್ವೆಡಾರಲ್ಲಿ ಬೆಳೆದ ಕನೆಕ್ಟಿಕಟ್ ರ‍್ಯಾಪರ್. ನಯವಾದ ಹೊಗೆ, ಬೆಣ್ಣೆ, ಹುರಿದ ಕಡಲೆಬೀಜ, ಕೊನೇಲಿ ಚೂರು ಮೆಣಸು. ಸ್ಟ್ರೆಂತ್ ಕಮ್ಮಿ, ಹಗುರ ತಿಂಡಿ ತಿಂದಿದ್ರೂ ನಡೆಯುತ್ತೆ, ಬೆಳಗ್ಗೆನೇ ಫಿಲ್ಟರ್ ಕಾಫಿ ಜೊತೆ ಹಚ್ಚೋಕೆ ಆಗೋದು ಐದರಲ್ಲಿ ಇದೊಂದೇ. ಬೆಲೆ ಹತ್ತು ಡಾಲರ್ ಆಸುಪಾಸು. ಮೈನಸ್ ಏನಪ್ಪಾ ಅಂದ್ರೆ ನಿಕರಾಗುವಾ ಅಂದ್ರೆ ಜನ ಹೇಳೋ ಆ ಗಾಢ ಮಣ್ಣು, ಖಾರ ಇದ್ರಲ್ಲಿ ಪಿಸುಮಾತಲ್ಲಿ ಬರುತ್ತೆ ಅಷ್ಟೇ. ವಿಸ್ಕಿ ಜೊತೆ ಇಟ್ರೆ ವಿಸ್ಕಿನೇ ಇದನ್ನ ನುಂಗ್ಬಿಡುತ್ತೆ. ಆದ್ರೂ ಮೊದಲ ಸಲದವರಿಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ.

ಒಲಿವಾ ಸೀರೀ ವಿ ಮೆಲಾನಿಯೊ. ಒಲಿವಾ ಮನೆತನದ ಮೆಲಾನಿಯೊ 1886ರಲ್ಲಿ ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ತಂಬಾಕು ಹಾಕೋಕೆ ಶುರು ಮಾಡಿದ್ರು, ಹೆಸರು ಅವ್ರದ್ದು, ಕಂಪನಿ ಮಾತ್ರ 2016ರಲ್ಲಿ ಬೆಲ್ಜಿಯಂನವರ ಕೈಗೆ ಹೋಯ್ತು. ಒಳಗೆಲ್ಲಾ ನಿಕರಾಗುವಾ, ಮೇಲೆ ಈಕ್ವೆಡಾರಿನ ಸುಮಾತ್ರಾ ರ‍್ಯಾಪರ್, ಹಾಗಾಗಿ ಇದೂ ಪ್ಯೂರೋ ಅಲ್ಲ. ಇದರ ಫಿಗುರಾಡೊ ಅನ್ನೋ ಸೈಜ್ 2014ರಲ್ಲಿ ಸಿಗಾರ್ ಅಫಿಶಿಯಾನಾಡೊ ಪತ್ರಿಕೆಯ ವರ್ಷದ ನಂಬರ್ ಒನ್ ಆಗಿತ್ತು. ಶುರೂಲಿ ಮೆಣಸು, ಹತ್ತು ನಿಮಿಷದಲ್ಲಿ ಅದು ಇಳಿದು ಕಾಫಿ, ಕೆನೆ, ಕ್ಯಾರಮೆಲ್. ಸ್ಟ್ರೆಂತ್ ಮಧ್ಯಮಕ್ಕಿಂತ ಸ್ವಲ್ಪ ಮೇಲೆ, ಊಟ ಆಗಿರ್ಬೇಕು. ಹದಿಮೂರು ಹದಿನಾರು ಡಾಲರ್ ನಡುವೆ ಸಿಗುತ್ತೆ. ಕೊಟ್ಟ ದುಡ್ಡಿಗೆ ಬರೋ ರುಚಿ ಅಂತ ನೋಡಿದ್ರೆ ಐದರಲ್ಲಿ ನನ್ನ ವೋಟು ಇದಕ್ಕೆ. ಬಜೆಟ್ ಟೈಟ್ ಅಂದ್ರೆ ಮೆಲಾನಿಯೊ ಅಲ್ಲದ ಮಾಮೂಲಿ ಸೀರೀ ವಿ ಇದೆ, ಅದ್ರಲ್ಲಿ ಹಲಾಪಾದ ಲಿಹೆರೊ ಇದೆ, ಬೆಲೆ ಕಮ್ಮಿ, ಆದ್ರೆ ಹೊಡೆತ ಜಾಸ್ತಿ ನಯ ಕಮ್ಮಿ. ಕಮ್ಮಿ ಬೆಲೆದು ಲೈಟ್ ಇರುತ್ತೆ ಅಂದ್ಕೊಂಡು ಹೋದ್ರೆ ಉಲ್ಟಾ ಹೊಡೆಯುತ್ತೆ.

ಮೈ ಫಾದರ್ ಲ ಬಿಜೂ 1922. ಕ್ಯೂಬಾದಲ್ಲಿ ಸಿಗಾರ್ ಸುತ್ತೋದ್ರಲ್ಲಿ ಹೆಸರು ಮಾಡಿದ್ದ ಹೋಸೆ "ಪೆಪಿನ್" ಗಾರ್ಸಿಯಾ ಎಸ್ತೆಲಿಯಲ್ಲಿ ಕಟ್ಟಿದ ಫ್ಯಾಕ್ಟರಿದು, 1922 ಅವರ ತಂದೆ ಹುಟ್ಟಿದ ವರ್ಷ. ಪೂರ್ತಿ ನಿಕರಾಗುವಾ, ಎಣ್ಣೆ ಸವರಿದ ಥರ ಹೊಳೆಯೋ ಕಡುಕಂದು ರ‍್ಯಾಪರ್. ತುದಿ ಚೂಪಾಗಿರೋ ಟಾರ್ಪಿಡೊ ಆಕಾರದ್ದು 2015ರಲ್ಲಿ ಅದೇ ಪತ್ರಿಕೇಲಿ ನಂಬರ್ ಒನ್. ಇದ್ರಲ್ಲಿ ಕೋಕೋ, ಕರಿಮೆಣಸು, ಚರ್ಮ, ಡಿಕಾಕ್ಷನ್ ಗಟ್ಟಿ ಕಹಿ ಎಲ್ಲಾ ಒಟ್ಟಿಗೇ ನುಗ್ಗುತ್ತೆ. ಗಾಢ ರುಚಿ ಬೇಕು ಅನ್ನೋರಿಗೆ ಹಬ್ಬ, ಮೆಲ್ಲಗೆ ಒಂದೊಂದೇ ಬಿಚ್ಕೊಳ್ಲಿ ಅನ್ನೋರಿಗೆ ಗದ್ದಲ. ಬೆಲೆ ಮೆಲಾನಿಯೊ ಹತ್ರಾನೇ ಇರುತ್ತೆ, ಆದ್ರಿಂದ ಇವೆರಡರ ಮಧ್ಯೆ ಆರಿಸೋಕೆ ದುಡ್ಡು ಕಾರಣ ಆಗಲ್ಲ. ಊಟಕ್ಕೆ ಏನಿತ್ತು ಕೇಳ್ಕೊಳ್ಳಿ, ಅನ್ನ ಸಾರು ಪಲ್ಯ ಆಗಿದ್ರೆ ಮೆಲಾನಿಯೊ, ಮಟನ್ ಬಿರಿಯಾನಿ ಮುಗ್ಸಿ ಕೈ ತೊಳ್ಕೊಂಡು ಬಂದಿದ್ರೆ ಲ ಬಿಜೂ.

ಹೋಯಾ ದೆ ನಿಕರಾಗುವಾ ಅಂತಾನ್ಯೋ 1970. ಹೋಯಾ ಶುರುವಾಗಿದ್ದು 1968ರಲ್ಲಿ ಎಸ್ತೆಲಿಯಲ್ಲಿ, ಆ ದೇಶದ ಅತಿ ಹಳೇ ಸಿಗಾರ್ ಫ್ಯಾಕ್ಟರಿ ಇದೇ, ನಿಕ್ಸನ್ ಕಾಲದಲ್ಲಿ ವೈಟ್ ಹೌಸಲ್ಲಿ ನಮ್ಮದೇ ಕೊಡ್ತಿದ್ರು ಅಂತ ಕಂಪನಿಯವರು ಇವತ್ತಿಗೂ ಹೇಳ್ಕೊಳ್ತಾರೆ. ಅಂತಾನ್ಯೋ ಪ್ಯೂರೋ, ಹಳೇ ಕಾಲದ ಎಸ್ತೆಲಿ ಖಾರ ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸ್ಯಾಂಪಲ್ ಇಲ್ಲ, ಮೊದಲ ಎಳೆತಕ್ಕೇ ಮೂಗಿನ ಹಿಂಭಾಗ ಉರಿಯುತ್ತೆ, ಒಣಮಣ್ಣು, ಮೆಣಸು, ಅಡೀಲಿ ಒಂದು ಎಳೆ ಸಿಹಿ. ಬೆಲೆ ಹತ್ತು ಡಾಲರ್ ಒಳಗೂ ಸಿಗಬಹುದು, ಅದೇ ಇದರ ಅಪಾಯ! ಅಗ್ಗ ಇದೆ ಅಂತ ಹೊಸಬರು ಎತ್ಕೊಳ್ತಾರೆ, ಐದರಲ್ಲಿ ನಿಕೋಟಿನ್ ಅತಿ ಜಾಸ್ತಿ ಇರೋದು ಇದ್ರಲ್ಲೇ. ಖಾಲಿ ಹೊಟ್ಟೇಲಂತೂ ಬೇಡವೇ ಬೇಡ. ರೂಢಿ ಇರೋರಿಗೆ ಮಾತ್ರ ನಾನು ಹೇಳೋದು, ಅವ್ರಿಗೂ ಕಾನ್ಸುಲ್ ಅನ್ನೋ ನಾಲ್ಕೂವರೆ ಇಂಚಿನ ಗಿಡ್ಡದ್ರಿಂದ ಶುರು ಮಾಡಿ ಅಂತೀನಿ.

ಪಡ್ರೋನ್. ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಜನ ಜಾಸ್ತಿ ದುಡ್ಡು ಸುರಿಯೋದೂ, ಜಾಸ್ತಿ ಮೋಸ ಹೋಗೋದೂ ಇದ್ರಲ್ಲೇ. ಹೋಸೆ ಒರ್ಲಾಂಡೊ ಪಡ್ರೋನ್ ಕ್ಯೂಬಾದಿಂದ ಮಯಾಮಿಗೆ ಬಂದಾಗ ಕೈಲಿ ಕಾಸಿಲ್ಲ, ಯಾರೋ ಕೊಟ್ಟ ಒಂದು ಚಿಕ್ಕ ಸುತ್ತಿಗೆ ಇಟ್ಕೊಂಡು ಬಡಗಿ ಕೆಲ್ಸ ಮಾಡಿ 600 ಡಾಲರ್ ಕೂಡಿಸಿ 1964ರಲ್ಲಿ ಕಂಪನಿ ಶುರು ಮಾಡಿದ್ರು, 1970ರಲ್ಲಿ ನಿಕರಾಗುವಾಗೆ ಕಾಲಿಟ್ರು, 1978ರ ಗಲಭೇಲಿ ಎಸ್ತೆಲಿ ಫ್ಯಾಕ್ಟರಿ ಸುಟ್ಟು ಹೋಯ್ತು, ಮತ್ತೆ ಕಟ್ಟಿದ್ರು. 2017ರಲ್ಲಿ ತೀರ್ಕೊಂಡ್ರು, ಈಗ ಮಕ್ಕಳು ನೋಡ್ಕೊಳ್ತಾರೆ.

ಇದ್ರಲ್ಲಿ ಮೂರು ಮೆಟ್ಟಿಲು. ಕೆಳಗಿನದು 2000, 3000 ಅಂತ ನಂಬರ್ ಇರೋ ಮಾಮೂಲಿ ಸಾಲು, ಎಲೆ ಎರಡೂವರೆ ವರ್ಷ ಮಾಗಿರುತ್ತೆ, ಹತ್ತು ಡಾಲರ್ ಆಸುಪಾಸು, ನೋಡೋಕೆ ಒರಟು, ನರ ಎದ್ದಿರುತ್ತೆ, ಡಬ್ಬದಲ್ಲಿ ಅತಿ ಸುಂದರ ಅಲ್ಲದ ಸಿಗಾರ್ ಇದೇ ಇರಬೇಕು. ಮಧ್ಯದ್ದು 1964 ಆ್ಯನಿವರ್ಸರಿ, ಕಂಪನಿಗೆ ಮೂವತ್ತು ತುಂಬಿದಾಗ 1994ರಲ್ಲಿ ತಂದಿದ್ದು, ನಾಲ್ಕು ವರ್ಷ ಮಾಗಿದ ಎಲೆ, ಡಬ್ಬದಲ್ಲಿ ಒತ್ತಿ ಚೌಕ ಮಾಡಿರ್ತಾರೆ, ಇಪ್ಪತ್ತು ಡಾಲರ್ ಹತ್ತಿರ ಹತ್ತಿರ. ಮೇಲಿನದು 1926, ಹೋಸೆ ಪಡ್ರೋನ್ ಹುಟ್ಟಿದ ವರ್ಷದ ಹೆಸರಲ್ಲಿ 2002ರಲ್ಲಿ ಬಂತು, ಐದು ವರ್ಷ ಮಾಗಿದ್ದು, ಇನ್ನೂ ಗಾಢ, ಬೆಲೆ ಇಪ್ಪತ್ತೈದು ದಾಟಿ ಹೋಗುತ್ತೆ. ಎಲ್ಲಾ ಸಾಲಲ್ಲೂ ಕಂದು ಹೊದಿಕೆಯ ನ್ಯಾಚುರಲ್ ಒಂದು, ಕಪ್ಪು ಹೊದಿಕೆಯ ಮದುರೋ ಒಂದು.

1964ರ ಮದುರೋ ಹೇಗಿರುತ್ತೆ ಹೇಳ್ತೀನಿ. ಕೈಲಿ ಹಿಡಿದ್ರೆ ಚೌಕದ ಅಂಚು ಬೆರಳಿಗೆ ಸಿಗುತ್ತೆ, ಉರುಳಿ ಹೋಗಲ್ಲ. ತಲೆ, ಅಂದ್ರೆ ಬಾಯಿಗಿಡೋ ತುದಿ, ಕತ್ತರಿಸಿ ಹಚ್ಚದೇ ಸುಮ್ನೆ ಎಳೆದ್ರೆ ಒಣದ್ರಾಕ್ಷಿ, ಕೋಕೋಪುಡಿ. ಹಚ್ಚಿದ್ಮೇಲೆ ಮೊದಲ ಮೂರನೇ ಒಂದು ಭಾಗ ಕಾಫಿ ಮತ್ತೆ ಹದವಾದ ಮೆಣಸು, ಖಾರ ನಾಲಗೆ ತುದೀಲಿ ಮಾತ್ರ, ಗಂಟಲಿಗೆ ಇಳಿಯಲ್ಲ. ಮಧ್ಯಭಾಗದಲ್ಲಿ ಮೆಣಸು ಹಿಂದೆ ಸರಿದು ಹುರಿದ ಬಾದಾಮಿ, ಡಾರ್ಕ್ ಚಾಕಲೇಟ್ ಬರುತ್ತೆ, ಬೂದಿ ತಿಳಿ ಬೂದು ಬಣ್ಣ, ಗಟ್ಟಿ, ಒಂದಿಂಚು ನಿಂತ್ಕೊಂಡಿರುತ್ತೆ. ಕೊನೇ ಭಾಗದಲ್ಲಿ ಮಣ್ಣು, ಚರ್ಮದ ವಾಸನೆ ಗಟ್ಟಿ ಆಗ್ತಾ ಹೋಗುತ್ತೆ, ಬೆರಳಿಗೆ ಬಿಸಿ ತಾಗೋ ಹೊತ್ತಿಗೂ ಕಹಿ ಆಗಲ್ಲ. ಬೇರೆಯವು ಕೊನೇ ಒಂದೂವರೆ ಇಂಚಲ್ಲಿ ಕೈ ಕೊಡ್ತವೆ, ಇದು ಕೊಡಲ್ಲ, ಜಾಸ್ತಿ ದುಡ್ಡು ಹೋಗೋದು ಅಲ್ಲಿಗೇನೇ.

1964ಗೂ 1926ಗೂ ಮಧ್ಯೆ ಇರೋ ಅಂತರ ಬೆಲೇಲಿ ಕಾಣೋವಷ್ಟು ನಾಲಗೇಲಿ ಕಾಣಲ್ಲ, ವರ್ಷಕ್ಕೆ ಒಂದೆರಡು ಸೇದೋರಿಗಂತೂ. ಅದಕ್ಕೆ ನಾನು 1964ಕ್ಕೇ ನಿಲ್ಲಿಸಿ ಅಂತೀನಿ. ನಕಲಿ ವಿಷ್ಯ, 1964 ಮತ್ತೆ 1926ರಲ್ಲಿ ಎರಡು ಬ್ಯಾಂಡ್ ಇರುತ್ತೆ, ಅದ್ರಲ್ಲಿ ಒಂದರ ಮೇಲೆ ಪ್ರತಿ ಸಿಗಾರಿಗೂ ಬೇರೆ ಬೇರೆ ಸೀರಿಯಲ್ ನಂಬರ್ ಅಚ್ಚಾಗಿರುತ್ತೆ. ನಂಬರ್ ಇಲ್ಲ ಅಂದ್ರೂ, ಎರಡು ಸಿಗಾರಿಗೆ ಒಂದೇ ನಂಬರ್ ಇದೆ ಅಂದ್ರೂ ವಾಪಸ್ ಇಟ್ಟು ಬನ್ನಿ.

ಇನ್ನೂ ಎರಡು ಹೆಸರು ಜನ ಕೇಳ್ತಾರೆ, ಚುಟುಕಾಗಿ ಹೇಳ್ತೀನಿ. ಲಿಗಾ ಪ್ರಿವಾಡಾ ನಂಬರ್ 9 ಎಸ್ತೆಲಿಯಲ್ಲೇ ಸುತ್ತೋದು, ಆದ್ರೆ ರ‍್ಯಾಪರ್ ಅಮೆರಿಕದ ಬ್ರಾಡ್‌ಲೀಫ್, ಬೈಂಡರ್ (ಒಳಗಿನ ಎಲೆಗಳನ್ನ ಹಿಡಿದಿಡೋ ಎಲೆ) ಬ್ರೆಜಿಲ್ದು, ಹೊಗೆ ರಾಶಿ ರಾಶಿ, ಫ್ಲ್ಯಾಟ್ ಬಾಲ್ಕನೀಲಿ ಹಚ್ಚಿದ್ರೆ ಅಕ್ಕಪಕ್ಕದವರು ಬಂದು ಬೆಲ್ ಮಾಡೋದು ಗ್ಯಾರಂಟಿ. ಪ್ಲಾಸೆನ್ಸಿಯಾ ಆಲ್ಮಾ ದೆಲ್ ಫ್ಯೂಗೊದಲ್ಲಿ ಒಮೆತೆಪೆ ಎಲೆ ಇದೆ, ಆ ದ್ವೀಪದ ರುಚಿ ಹೇಗಿದೆ ನೋಡ್ಬೇಕು ಅನ್ನೋ ಕುತೂಹಲ ಇದ್ರೆ ಅದು, ಹೊಸಬರಿಗೆ ಅಲ್ಲ.

ಯಾರಿಗೆ ಯಾವ್ದು

ಮೊದಲ ಸಲ, ಇಲ್ಲಾ ಸಿಗರೇಟೂ ಸೇದದ ಭಾವಮೈದುನನ ಮದುವೆ ಪಾರ್ಟಿಗೆ ಹತ್ತು ಜನಕ್ಕೆ ಹಂಚ್ಬೇಕು ಅಂದ್ರೆ ಪೆರ್ದೋಮೊ ಶಾಂಪೇನ್, ರೊಬುಸ್ಟೊ ಸೈಜಲ್ಲಿ. ಅಂಥ ಜಾಗದಲ್ಲಿ ಪಡ್ರೋನ್ ಹಂಚೋದು ದುಡ್ಡಿಗೆ ಕೇಡು, ಅರ್ಧ ಜನ ಫೋಟೋ ತೆಗ್ಸ್ಕೊಂಡು ಆರಿಸಿ ಇಡ್ತಾರೆ. ಒಬ್ಬ ಬಾಸಿಗೋ, ಮಾವನಿಗೋ ಗಿಫ್ಟ್ ಅಂದ್ರೆ 1964 ಎರಡು ಸಾಕು, ಸೇದೋರಾದ್ರೆ ಹೆಸರು ನೋಡಿದ್ ತಕ್ಷಣ ಗೊತ್ತಾಗುತ್ತೆ. ನಿಮಗೇ ವಾರಾಂತ್ಯಕ್ಕೊಂದು ಅಂದ್ರೆ ಮೆಲಾನಿಯೊ, ಜೇಬು ತಡೀಲಿಲ್ಲ ಅಂದ್ರೆ ಪಡ್ರೋನ್ 2000. ಈ 2000ದ ವಿಷ್ಯದಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ರೂಪ ನೋಡಿ ಜನ ಬಿಟ್ಟು ಹೋಗ್ತಾರೆ, ಆದ್ರೆ ಮೇಲಿನ ಮೆಟ್ಟಿಲಿನ ರುಚಿಯ ಮುಕ್ಕಾಲು ಭಾಗ ಅರ್ಧ ಬೆಲೇಲಿ ಇದ್ರಲ್ಲೇ ಸಿಗುತ್ತೆ. ಅರ್ಧ ಗಂಟೆ ಮಾತ್ರ ಟೈಮ್ ಇದೆ ಆದ್ರೆ ಗಾಢ ಬೇಕು ಅಂದ್ರೆ 1964ರಲ್ಲಿ ಪ್ರಿನ್ಸಿಪೆ ಅನ್ನೋ ನಾಲ್ಕೂವರೆ ಇಂಚಿನದು, ರೂಢಿ ಇದ್ರೆ ಕಾನ್ಸುಲ್. ಲ ಬಿಜೂ ಇಟ್ಕೊಳ್ಳಿ ಚಳಿಗಾಲದ ರಾತ್ರಿಗೆ, ಊಟ ಆದ್ಮೇಲೆ, ಮಾರನೇ ದಿನ ರಜೆ ಇರೋವಾಗ.

ಜೊತೆಗೆ ಏನು ಕುಡೀಬೇಕು ಅನ್ನೋದು ದೊಡ್ಡ ಶಾಸ್ತ್ರ ಏನಲ್ಲ. ಅದೇ ದೇಶದ ಫ್ಲೋರ್ ದೆ ಕಾನ್ಯಾ ರಮ್ ಸಿಕ್ಕಿದ್ರೆ ಚೆನ್ನ, ಇಲ್ಲಾಂದ್ರೆ ಸಕ್ಕರೆ ಹಾಕಿದ ಕಾಫಿ ಯಾವ ನಿಕರಾಗುವಾ ಸಿಗಾರಿಗೂ ಹೊಂದುತ್ತೆ. ಪಕ್ಕದಲ್ಲಿ ನೀರು ಇರ್ಲೇಬೇಕು, ಒಂದು ಚೂರು ಬೆಲ್ಲ ಇಲ್ಲಾ ಸಕ್ಕರೆನೂ ಇಟ್ಕೊಳ್ಳಿ, ತಲೆ ಹಗುರ ಆಗೋಕೆ ಶುರು ಆದ್ರೆ ಸಿಗಾರ್ ಕೆಳಗಿಟ್ಟು ಅದನ್ನ ಬಾಯಿಗೆ ಹಾಕ್ಕೊಂಡು ಕೂತ್ಕೊಂಡ್ರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಸರಿ ಹೋಗುತ್ತೆ.

ಎರಡನ್ನ ಹೋಲ್ಸಿ ನೋಡೋದು ಹೇಗೆ

ಎರಡರ ಮಧ್ಯೆ ಡೌಟ್ ಇದ್ರೆ ಎರಡನ್ನೂ ಒಂದೊಂದು ತಗೊಂಡು, ಒಂದೇ ಸೈಜಲ್ಲಿ, ಬೇರೆ ಬೇರೆ ದಿನ, ಒಂದೇ ಥರ ಊಟ ಆದ್ಮೇಲೆ ಸೇದಿ ನೋಡಿ. ಒಂದೇ ದಿನ ಎರಡು ಬೇಡ, ಎರಡನೇದರ ರುಚಿ ನಾಲಗೆಗೆ ಗೊತ್ತೇ ಆಗಲ್ಲ. ತಲೆ ಕಡೆ ಅಂಟಿಸಿರೋ ಸಣ್ಣ ಟೋಪಿ ಎಲೆ ಇರುತ್ತಲ್ಲ, ಅದರ ಅಂಚು ದಾಟದ ಹಾಗೆ ಕತ್ತರಿಸಿ, ದಾಟಿದ್ರೆ ರ‍್ಯಾಪರ್ ಬಿಚ್ಕೊಂಡು ಬರುತ್ತೆ. ಹಚ್ಚೋಕೆ ಗ್ಯಾಸ್ ಲೈಟರ್ ಇಲ್ಲಾ ಉದ್ದ ಬೆಂಕಿಕಡ್ಡಿ, ಸೀಮೆಎಣ್ಣೆ ಪೆಟ್ರೋಲ್ ವಾಸನೆ ಬರೋ ಲೈಟರ್ ಬೇಡ. ಉರಿ ತಾಗಿಸ್ದೇ ಸ್ವಲ್ಪ ದೂರದಲ್ಲಿ ಹಿಡಿದು ತಿರುಗಿಸ್ತಾ ತುದಿ ಕೆಂಪಾಗೋವರೆಗೆ ಸುಡಿ, ಆಮೇಲೆ ಎಳೀರಿ. ನಿಮಿಷಕ್ಕೊಂದು ಎಳೆತ ಸಾಕು. ಬೇಗ ಬೇಗ ಎಳೆದ್ರೆ ಎಂಥ ಪಡ್ರೋನೂ ಕಾದು ಕಹಿ ಆಗುತ್ತೆ, ಆಗ ಎರಡು ಬ್ರ್ಯಾಂಡ್ ಹೋಲಿಸ್ದ ಹಾಗೆ ಆಗಲ್ಲ, ನಿಮ್ಮ ಅವಸರನ್ನ ಹೋಲಿಸ್ದ ಹಾಗಾಗುತ್ತೆ. ಬಾಯಲ್ಲಿರೋ ಹೊಗೇಲಿ ಒಂದು ಚೂರನ್ನ ಮೂಗಿಂದ ಮೆಲ್ಲಗೆ ಬಿಡಿ, ಎದೆಗೆ ಇಳಿಸ್ದೆ. ಮೆಣಸು ಯಾವ್ದು, ದೇವದಾರು ಯಾವ್ದು ಅನ್ನೋದೆಲ್ಲಾ ಅಲ್ಲೇ ಬೇರೆ ಬೇರೆಯಾಗಿ ಸಿಗೋದು. ಅಂತಾನ್ಯೋದಲ್ಲಿ ಮಾತ್ರ ಈ ಸಾಹಸ ಶುರೂಲೇ ಮಾಡ್ಬೇಡಿ.

ಸುಟ್ಟ ಅಂಚು ಒಂದು ಕಡೆ ಮುಂದೆ ಓಡ್ತಿದ್ರೆ ಆ ಭಾಗ ಕೆಳಗೆ ಬರೋ ಹಾಗೆ ತಿರುಗಿಸಿ ಹಿಡೀಬೇಕು ಅಂತಾರೆ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಹಿಂದೆ ಉಳಿದಿರೋ ಕಡೆ ಲೈಟರ್ ತೋರಿಸಿ ಸರಿ ಮಾಡಿ. ಒಂದು ಸಿಗಾರ್ ಓರೆಯಾಗಿ ಉರೀತು ಅಂತ ಬ್ರ್ಯಾಂಡನ್ನೇ ಬಯ್ಯೋದು ಬೇಡ, ತೇವ ಹೆಚ್ಚುಕಮ್ಮಿ ಆಗಿದ್ರೂ ಹಾಗಾಗುತ್ತೆ.

ತರೋದು, ಇಡೋದು

ವಿದೇಶದಿಂದ ಭಾರತಕ್ಕೆ ಬರೋವಾಗ ಸುಂಕ ಇಲ್ದೇ ತರೋಕೆ ಬಿಡೋದು ಒಬ್ರಿಗೆ 25 ಸಿಗಾರ್, ಸಿಗರೇಟೂ ತರ್ತೀರ ಅಂದ್ರೆ ಎರಡೂ ಪೂರ್ತಿ ಕೋಟಾ ಅಲ್ಲ, ಇದು ಇಲ್ಲಾ ಅದು. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಪಬ್ಲಿಕ್ ಜಾಗದಲ್ಲಿ ಸೇದಿದ್ರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ, ಅಮೆರಿಕದಲ್ಲೂ 2019ರ ಕೊನೆಯಿಂದ ವಯಸ್ಸು 21.

ಸಿಗಾರಿಗೆ ಬೇಕಿರೋ ತೇವಾಂಶ 65ರಿಂದ 70 ಪರ್ಸೆಂಟ್. ತೇವ ಕಾಪಾಡೋ ಹ್ಯೂಮಿಡಾರ್ ಅನ್ನೋ ಸಾವಿರಾರು ರೂಪಾಯಿಯ ಮರದ ಪೆಟ್ಟಿಗೆ ಹತ್ತು ಸಿಗಾರಿಗೆ ಬೇಕಾಗಿಲ್ಲ, ಗಾಳಿ ಆಡದ ಹಾಗೆ ಮುಚ್ಚೋ ಪ್ಲಾಸ್ಟಿಕ್ ಡಬ್ಬ, ಒಳಗೆ 65 ಅಥವಾ 69ರ ತೇವಾಂಶದ ಪ್ಯಾಕೆಟ್ ಒಂದು, ಸಣ್ಣ ಮೀಟರ್ ಒಂದು, ಆಯ್ತು. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚಲ್ಲಿ ಗಾಳಿ ಒಣಗಿರುತ್ತೆ, ಹೊರಗೆ ಇಟ್ರೆ ವಾರದಲ್ಲಿ ರ‍್ಯಾಪರ್ ಪುಡಿ ಆಗುತ್ತೆ. ಮಂಗಳೂರಲ್ಲಿ ಮಳೆಗಾಲಕ್ಕೆ ತೊಂದ್ರೆ ಉಲ್ಟಾ, ಬೂಷ್ಟು ಹಿಡಿಯುತ್ತೆ, ಅಲ್ಲಿ 65ರ ಪ್ಯಾಕೆಟ್ಟೇ ವಾಸಿ. ವಿಮಾನದಲ್ಲಿ ಬಂದ ಸಿಗಾರನ್ನ ಅವತ್ತೇ ಹಚ್ದೆ ಒಂದೆರಡು ವಾರ ಡಬ್ಬದಲ್ಲಿ ಬಿಟ್ರೆ ಉರಿಯೋದು ಸಮ ಆಗುತ್ತೆ.

ನಮ್ಮ ಸೆಕೆಗೆ ಇನ್ನೊಂದು ಕಾಟ ತಂಬಾಕು ಹುಳ. ಎಲೆ ಒಳಗೇ ಮೊಟ್ಟೆ ಇದ್ರೆ 25 ಡಿಗ್ರಿ ಮೇಲೆ, ತೇವನೂ ಜಾಸ್ತಿ ಇದ್ದಾಗ ಒಡೆದು ಆಚೆ ಬರುತ್ತೆ. ರ‍್ಯಾಪರ್ ಮೇಲೆ ಗುಂಡುಪಿನ್ ಗಾತ್ರದ ದುಂಡಗಿನ ತೂತು, ಡಬ್ಬದ ಅಡೀಲಿ ಸಣ್ಣ ಪುಡಿ ಕಂಡ್ರೆ ಅದೇ. ಆ ಸಿಗಾರ್ ಬಿಸಾಕಿ, ಉಳಿದವನ್ನ ಜಿಪ್ ಕವರಿಗೆ ಹಾಕಿ ಗಾಳಿ ತೆಗ್ದು ಮೂರು ದಿನ ಫ್ರೀಜರಲ್ಲಿ ಇಡಿ, ಆಮೇಲೆ ಒಂದು ದಿನ ಕೆಳಗೆ ಫ್ರಿಜ್ಜಲ್ಲಿ, ಆಮೇಲೆ ಹೊರಗೆ. ಫ್ರೀಜರಿಂದ ನೇರ ಹೊರಗೆ ತೆಗೆದ್ರೆ ರ‍್ಯಾಪರ್ ಬಿರುಕು ಬಿಡುತ್ತೆ, ಡಬ್ಬನೂ ಅಷ್ಟರೊಳಗೆ ಚೆನ್ನಾಗಿ ಒರೆಸಿಟ್ಟಿರಿ.